ಪ್ಲಾಂಟು, ಶಟ್‌ಡೌನು, ರೈಸ್‌ಮಿಲ್ಲು: ಫಿಟ್ಟರ್ ಕೈಗೆ ಯಾವ ಕೆಲಸ ಯಾವಾಗ?

ಐಟಿಐ ಮುಗಿಸಿದ ಫಿಟ್ಟರ್, ವೆಲ್ಡರ್‌ಗಳಿಗೆ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಮೂರು ದಾರಿ ಇವೆ. ತೋರಣಗಲ್ಲು, ಗಿಣಿಗೇರಿ, ಶಕ್ತಿನಗರದ ಕಡೆ ಕಾರ್ಖಾನೆಯೊಳಗೆ ವರ್ಷವಿಡೀ ಕಾಂಟ್ರಾಕ್ಟ್ ಕೆಲಸ. ರಿಪೇರಿಗೆಂದು ಕಾರ್ಖಾನೆ ನಿಲ್ಲಿಸಿದಾಗ ಆ ಕೆಲವು ದಿನಕ್ಕಷ್ಟೇ ಕರೆಸುವ, ಇವತ್ತು ಕುಡತಿನಿ, ನಾಳೆ ಯರಮರಸ್ ಎಂದು ತಿರುಗುವ ಶಟ್‌ಡೌನ್ ಗ್ಯಾಂಗು. ಇಲ್ಲವೇ ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್ಲು. ಈ ಹೋಲಿಕೆ ಮೂರರಲ್ಲೂ ಪಾನಾ ಹಿಡಿದು ಅಳೆದದ್ದು. ತಿಂಗಳ ಪಗಾರ ನೋಡಿ ಕೆಲಸ ಬದಲಿಸಿದವರು ಹೆಚ್ಚಾಗಿ ತಪ್ಪಿದ್ದಾರೆ. ನೋಡಬೇಕಾದ್ದು ವರ್ಷದ ಮೊತ್ತ, ಕೈಯಲ್ಲಿ ಉಳಿಯುವ ಕಾಗದ, ಮತ್ತು ಅಲ್ಲಿಂದ ಮುಂದಿನ ಕೆಲಸಕ್ಕೆ ಹೋಗಲು ಬರುತ್ತದೋ ಇಲ್ಲವೋ ಎಂಬುದು.

ಮೊದಲು ದುಡ್ಡು. ಲೆಕ್ಕ ತಿಳಿಯಲೆಂದು ಒಂದು ದರ ಹಿಡಿಯುತ್ತೇವೆ, ನಿಮ್ಮ ದರ ಹಾಕಿಕೊಂಡು ನೋಡಿ. ಪ್ಲಾಂಟ್‌ನಲ್ಲಿ 8 ಗಂಟೆಯ ಹಾಜರಿಗೆ 800, ತಿಂಗಳಿಗೆ 26 ಹಾಜರಿ ಎಂದರೆ 20,800. ಪಿಎಫ್ (ಭವಿಷ್ಯನಿಧಿ) ಅನ್ನು 15,000 ಪಗಾರಕ್ಕೆ ಲೆಕ್ಕ ಹಿಡಿದರೆ 12% ಎಂದು 1,800 ಹೋಗುತ್ತದೆ, ಇಎಸ್‌ಐಗೆ (ಕಾರ್ಮಿಕರ ವಿಮೆ) 0.75% ಎಂದು 156. ಕೈಗೆ ಬರುವುದು 18,844. ಶಟ್‌ಡೌನ್ ಮೇಸ್ತ್ರಿ ಹೇಳುವುದು ಬೇರೆ: ಹಾಜರಿ 1,000, ದಿನಕ್ಕೆ 12 ಗಂಟೆ, ಒಂದೂವರೆ ಹಾಜರಿ, 26 ದಿನಕ್ಕೆ 39,000. ಕೇಳಿದ ಕೂಡಲೇ ಪ್ಲಾಂಟ್ ಬಿಡಬೇಕು ಅನ್ನಿಸುತ್ತದೆ.

ಈಗ ವರ್ಷಕ್ಕೆ ಎಳೆಯಿರಿ. ಪ್ಲಾಂಟ್‌ನಲ್ಲಿ 12 ತಿಂಗಳಿಗೆ 2,49,600, ಅದರ ಮೇಲೆ ಕಂಪನಿ ಪಾಲಿನ ಪಿಎಫ್ 21,600, ಒಟ್ಟು 2,71,200. ಇದನ್ನು ದಿನಕ್ಕೆ 1,500ರಂತೆ ಮುಟ್ಟಲು ಶಟ್‌ಡೌನ್‌ನವರಿಗೆ 181 ದಿನ ಕೆಲಸ ಬೇಕು. ಒಂದು ಶಟ್‌ಡೌನ್ ಮುಗಿದು ಇನ್ನೊಂದು ಸಿಗುವವರೆಗೆ ಮನೆಯಲ್ಲಿ ಕೂತ ದಿನಗಳನ್ನು ಯಾರೂ ಬರೆದಿಡುವುದಿಲ್ಲ. ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತ ಬನ್ನಿ. 160 ದಿನಕ್ಕೆ ನಿಂತರೆ ವರ್ಷಕ್ಕೆ 2,40,000 ಅಷ್ಟೇ.

ಆದರೆ ಗಂಟೆಯ ಲೆಕ್ಕದಲ್ಲಿ ಶಟ್‌ಡೌನೇ ಮೇಲು. ಅಲ್ಲಿ 160 ದಿನಕ್ಕೆ 1,920 ಗಂಟೆ, ಗಂಟೆಗೆ 125. ಪ್ಲಾಂಟ್‌ನಲ್ಲಿ 2,496 ಗಂಟೆ, ಗಂಟೆಗೆ ಸುಮಾರು 109. ಕಾಲುವೆ ನೀರಿನ ಎರಡೆಕರೆ ಗದ್ದೆ ಇದ್ದು, ಖಾಲಿ ದಿನಗಳನ್ನು ನಾಟಿಗೆ, ಕೊಯ್ಲಿಗೆ ಹೊಂದಿಸಿಕೊಳ್ಳುವವರಿಗೆ ಶಟ್‌ಡೌನ್ ಒಳ್ಳೆಯ ಕೆಲಸ. ಹೊಲವಿಲ್ಲದೆ ಬಾಡಿಗೆ ಮನೆಯಲ್ಲಿ ಇರುವವರಿಗೆ ಖಾಲಿ ದಿನ ಸಾಲದ ದಿನ. ಈ ಒಂದು ವ್ಯತ್ಯಾಸದ ಮೇಲೇ ಅರ್ಧ ನಿರ್ಧಾರ ನಿಲ್ಲುತ್ತದೆ.

"ಒಂದೂವರೆ ಹಾಜರಿ" ಎಂಬ ಮಾತನ್ನೂ ಬಿಡಿಸಿ ನೋಡಬೇಕು. ಕಾನೂನು ಹೇಳುವ ಓಟಿ, ಅಂದರೆ ಹೆಚ್ಚುವರಿ ಗಂಟೆಯ ಕೂಲಿ, ದುಪ್ಪಟ್ಟು. 8 ಗಂಟೆಗೆ 1,000 ಎಂದರೆ ಗಂಟೆಗೆ 125. ಕೊನೆಯ 3 ಗಂಟೆಯನ್ನಷ್ಟೇ ಓಟಿ ಎಂದು ಹಿಡಿದರೂ 12 ಗಂಟೆಗೆ 1,875 ಆಗಬೇಕು. 1,500ಕ್ಕೆ ಒಪ್ಪಿದರೆ ದಿನಕ್ಕೆ 375 ಬಿಟ್ಟುಕೊಟ್ಟ ಹಾಗೆ. ದರ ಮಾತಾಡುವಾಗ ಈ ಲೆಕ್ಕ ಬಾಯಲ್ಲಿರಲಿ.

ಇಎಸ್‌ಐ ವಿಷಯದಲ್ಲಿ ಶಟ್‌ಡೌನ್ ಕೈಕೊಡುತ್ತದೆ. ಕಾಯಿಲೆ ಬಿದ್ದಾಗ ಪಗಾರದ 70% ಅನ್ನು ವರ್ಷಕ್ಕೆ 91 ದಿನದವರೆಗೆ ಕೊಡುತ್ತಾರೆ, ಆದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದು ಮುಂದಿನ ಜನವರಿ–ಜೂನ್‌ಗೆ, ಅಕ್ಟೋಬರ್–ಮಾರ್ಚ್‌ನದು ಜುಲೈ–ಡಿಸೆಂಬರ್‌ಗೆ ಆಗುತ್ತದೆ. ಆರು ತಿಂಗಳಲ್ಲಿ ಎರಡೇ ಶಟ್‌ಡೌನ್ ಮಾಡಿದವರಿಗೆ 78 ದಿನ ತುಂಬುವುದಿಲ್ಲ. ಕೆಲಸದ ಜಾಗದ ಗಾಯಕ್ಕೆ ಮಾತ್ರ ಈ ಷರತ್ತಿಲ್ಲ, ಸೇರಿದ ಮೊದಲ ದಿನದಿಂದಲೇ ರಕ್ಷಣೆ. ಹಾಗಾಗಿ ನೋಂದಣಿ ಆಗಿದೆಯೇ ಎಂದು ಗೇಟ್ ಒಳಗೆ ಹೋಗುವ ಮುಂಚೆ ಕೇಳಿ.

ಇನ್ನು ಪಿಎಫ್. ಹೆಚ್ಚು ದುಡ್ಡು ಕಳೆದುಹೋಗುವುದು ಇಲ್ಲೇ. ಪ್ಲಾಂಟ್ ಅದೇ, ಮಷಿನ್ ಅದೇ, ಆದರೆ ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ನಿಮ್ಮ ಯುಎಎನ್ (ಪಿಎಫ್‌ನ ಕಾಯಂ ನಂಬರ್) ಕೆಳಗೆ ಹೊಸ ಮೆಂಬರ್ ಐಡಿ ಹುಟ್ಟುತ್ತದೆ. ಹತ್ತು ವರ್ಷದಲ್ಲಿ ನಾಲ್ಕು ಐಡಿ ಆದರೂ ಅಚ್ಚರಿಯಿಲ್ಲ. ಹಳೆಯದನ್ನು ಹೊಸದಕ್ಕೆ ವರ್ಗಾಯಿಸದಿದ್ದರೆ ಸೇವೆ ತುಂಡುತುಂಡಾಗಿ ಉಳಿಯುತ್ತದೆ. ಐದು ವರ್ಷ ತುಂಬದೆ 50,000 ಅಥವಾ ಅದಕ್ಕಿಂತ ಹೆಚ್ಚು ಬಿಡಿಸಿಕೊಂಡರೆ ಪ್ಯಾನ್ ಇದ್ದರೂ 10% ಟಿಡಿಎಸ್ ಎಂದು ತೆರಿಗೆ ಮುರಿದುಕೊಳ್ಳುತ್ತಾರೆ. ವರ್ಗಾಯಿಸಿದರೆ ಹಿಂದಿನ ವರ್ಷಗಳೂ ಆ ಐದರಲ್ಲಿ ಸೇರುತ್ತವೆ. ಕೆಲಸ ಬಿಟ್ಟಾಗಲೆಲ್ಲ 10ಸಿ ಫಾರಂ ಹಾಕಿ ಪಿಂಚಣಿ ಪಾಲನ್ನೂ ಬಿಡಿಸಿಕೊಳ್ಳುವ ರೂಢಿ ಇದೆ. ಅದರಿಂದ ಆ ವರ್ಷಗಳು ಅಳಿಸಿಹೋಗುತ್ತವೆ. ಮಾಸಿಕ ಪಿಂಚಣಿಗೆ 10 ವರ್ಷ ಬೇಕು, ಒಂಬತ್ತೂವರೆ ಆದರೆ ಹತ್ತೆಂದೇ ಎಣಿಸುತ್ತಾರೆ. 15,000 ಪಗಾರಕ್ಕೆ 10 ವರ್ಷದ ಪಿಂಚಣಿ 15,000 × 10 ÷ 70, ಅಂದರೆ ತಿಂಗಳಿಗೆ ಸುಮಾರು 2,143.

ವರ್ಗಾವಣೆ ನಿಲ್ಲಲು ಕಾರಣ ಬಹುಮಟ್ಟಿಗೆ ಎರಡೇ. ಒಂದು, ಹಳೆಯ ಕಾಂಟ್ರಾಕ್ಟರ್ ಬಿಟ್ಟ ದಿನಾಂಕ ಹಾಕದೇ ಇರುವುದು. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಇಪಿಎಫ್ ಜಾಲತಾಣದಲ್ಲಿ ನೀವೇ ಅದನ್ನು ಹಾಕಬಹುದು. ಎರಡು, ಹೆಸರು. ಆಧಾರ್‌ನಲ್ಲಿ ಮನೆತನದ ಹೆಸರು ಇದ್ದು, ಪಿಎಫ್‌ನಲ್ಲಿ ತಂದೆಯ ಹೆಸರು ಸೇರಿ, ಐಟಿಐ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮ ಕಡೆ ಸಾಮಾನ್ಯ. ಕೆಲಸದಲ್ಲಿ ಇರುವಾಗಲೇ ಸರಿಪಡಿಸಿಕೊಳ್ಳಿ, ಬಿಟ್ಟ ಮೇಲೆ ಸಹಿಗೆ ಅಲೆಯಬೇಕಾಗುತ್ತದೆ.

ಕೆಲಸ ಕಲಿಯುವುದರಲ್ಲಿ ಲೆಕ್ಕ ತಿರುಗಾಮುರುಗಾ. ಪ್ಲಾಂಟ್‌ನಲ್ಲಿ ಕೆಲಸಕ್ಕೆ ಮುಂಚೆ ಪರ್ಮಿಟ್ ಪಡೆಯುವ, ಲಾಕೌಟ್ ಎಂದು ಮಷಿನ್ನಿನ ಸ್ವಿಚ್ಚಿಗೆ ಬೀಗ ಹಾಕುವ, ಎತ್ತರದ ಕೆಲಸದ ಶಿಸ್ತು ಮೈಗೂಡುತ್ತದೆ, ಆದರೆ ಐದು ವರ್ಷ ಒಂದೇ ಕನ್ವೇಯರ್ ಬೆಲ್ಟಿನ ಕೆಳಗಿನ ಐಡ್ಲರ್ (ಉರುಳೆ) ಬದಲಿಸುತ್ತ ಕಳೆಯುವುದೂ ಉಂಟು. ಶಟ್‌ಡೌನ್‌ನಲ್ಲಿ ವೆಲ್ಡರ್ ಬೇಗ ಬೆಳೆಯುತ್ತಾನೆ. 6ಜಿ, ಅಂದರೆ 45 ಡಿಗ್ರಿ ಓರೆಯಲ್ಲಿ ಕಟ್ಟಿಟ್ಟ ಪೈಪನ್ನು ತಿರುಗಿಸದೆ ಸುತ್ತ ಬೆಸೆಯುವ ಟೆಸ್ಟ್ ಪಾಸಾದವನ ದರವೇ ಬೇರೆ. ಟೆಸ್ಟ್ ಫೇಲಾಗುವುದು ಹೆಚ್ಚಾಗಿ ರೂಟ್ ಪಾಸ್‌ನಲ್ಲಿ, ಅಂದರೆ ಬೆಸುಗೆಯ ಮೊದಲ ಪದರದಲ್ಲಿ, ಇಲ್ಲವೇ ತೇವ ಹಿಡಿದ 7018 ವೆಲ್ಡಿಂಗ್ ರಾಡ್‌ನಿಂದ. ರಾಡನ್ನು ಒವನ್‌ನಲ್ಲಿ ಕಾಯಿಸಿ ಬಿಸಿಯಾಗಿಯೇ ತೆಗೆಯದಿದ್ದರೆ ಎಕ್ಸ್‌ರೇಯಲ್ಲಿ ತೂತು ಕಾಣುತ್ತವೆ.

ಇಡೀ ಯಂತ್ರದ ಬುದ್ಧಿ ಬರುವುದು ರೈಸ್‌ಮಿಲ್ಲಿನಲ್ಲಿ. ಕ್ಲೀನರ್, ಡಿಸ್ಟೋನರ್, ಶೆಲ್ಲರ್, ಸೆಪರೇಟರ್, ಪಾಲಿಶರ್, ಗ್ರೇಡರ್, ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಸಾರ್ಟೆಕ್ಸ್, ನಡುವೆ ಎಲಿವೇಟರ್‌ಗಳು, ಎಲ್ಲ ಒಬ್ಬನ ಮೇಲೆ. ನೆಲ್ಲಿನ ಹೊಟ್ಟು ಸುಲಿಯುವ ಶೆಲ್ಲರ್ ಒಂದನ್ನೇ ತೆಗೆದುಕೊಳ್ಳಿ. ಎರಡು ರಬ್ಬರ್ ರೋಲ್ ಬೇರೆಬೇರೆ ವೇಗದಲ್ಲಿ ತಿರುಗುತ್ತವೆ, ವೇಗದ್ದು ಬೇಗ ಸವೆಯುತ್ತದೆ. ಹೊತ್ತಿಗೆ ಸರಿಯಾಗಿ ಅದಲುಬದಲು ಮಾಡದಿದ್ದರೆ ಹೊರಮೈ ವೇಗದ ವ್ಯತ್ಯಾಸ ಕುಗ್ಗಿ ನೆಲ್ಲು ಸುಲಿಯದೆ ಹಾಗೇ ಬರುತ್ತದೆ. ಅದನ್ನು ಕಂಡು ಆಪರೇಟರ್ ಗ್ಯಾಪ್ ಬಿಗಿ ಮಾಡುತ್ತಾನೆ, ನುಚ್ಚು ಏರುತ್ತದೆ, ಮಾಲೀಕರು ನೆಲ್ಲನ್ನು ಬೈಯುತ್ತಾರೆ. ತೇವ 13–14% ಆಸುಪಾಸು ಇದ್ದರೆ ನೆಲ್ಲಿನ ತಪ್ಪಲ್ಲ, ರೋಲ್ ನೋಡಿ.

ಆದರೆ ಇಷ್ಟು ಕಲಿತದ್ದಕ್ಕೆ ಕಾಗದದ ಸಾಕ್ಷಿ ಇರುವುದಿಲ್ಲ. 20 ಜನರಿಗಿಂತ ಕಡಿಮೆ ಇರುವ ಮಿಲ್ಲಿಗೆ ಪಿಎಫ್ ಕಡ್ಡಾಯವಿಲ್ಲ, ಪಗಾರ ಕೈಗೆ, ಅನುಭವದ ಪತ್ರ ಕೇಳಿದರೆ "ಯಾಕಪ್ಪಾ, ಬಿಟ್ಟು ಹೋಗ್ತೀಯಾ?" ಎನ್ನುತ್ತಾರೆ. ಮುಂಗಡ ತೆಗೆದುಕೊಂಡರೆ ಅದು ತೀರುವವರೆಗೆ ಕಾಲು ಕಟ್ಟಿದ ಹಾಗೆ. ಧೂಳು ಎದೆಗೆ ಇಳಿಯುತ್ತದೆ. ಹಂಗಾಮು ನದಿಯ ಕೈಯಲ್ಲಿದೆ: 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಮೊದಲು ಎದೆ ನಡುಗಿದ್ದು ರೈತರದು, ಆಮೇಲೆ ಮಿಲ್ಲಿನವರದು. ಸ್ಟೀಮ್ ರೈಸ್ ಮಿಲ್ಲಿನಲ್ಲಿ ಒಂದು ಒಳ್ಳೆಯ ದಾರಿ ಇದೆ. ಬಾಯ್ಲರ್ ಬಳಿ ಕೆಲಸ ಮಾಡುತ್ತಲೇ ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಕಟ್ಟಿ ಸರ್ಟಿಫಿಕೇಟ್ ಪಡೆದರೆ, ಅದು ಬಾಯ್ಲರ್ ಇರುವ ಬೇರೆ ಕಾರ್ಖಾನೆಯಲ್ಲೂ ನಡೆಯುತ್ತದೆ.

ಆದ್ದರಿಂದ ನಮ್ಮ ಸಲಹೆ ಕ್ರಮದ ಬಗ್ಗೆ. ಪ್ಲಾಂಟ್‌ನಿಂದ ಮಿಲ್ಲಿಗೆ ಯಾವ ವಯಸ್ಸಿನಲ್ಲಾದರೂ ಹೋಗಬಹುದು, ಮಿಲ್ಲಿನಿಂದ ಪ್ಲಾಂಟ್‌ಗೆ ಹೋದವರನ್ನು ಹೆಲ್ಪರ್ ಎಂದೇ ಸೇರಿಸಿಕೊಳ್ಳುತ್ತಾರೆ. ಮೊದಲು ಮೂರ್ನಾಲ್ಕು ವರ್ಷ ಪ್ಲಾಂಟ್‌ನಲ್ಲಿ ಕಾಗದ ಮಾಡಿಕೊಳ್ಳಿ. ಮೈಯಲ್ಲಿ ಕಸುವಿರುವಾಗ, 6ಜಿ ಕೈಯಲ್ಲಿದ್ದರೆ, ಶಟ್‌ಡೌನ್. ಮನೆ ಹತ್ತಿರ ಇರಲೇಬೇಕಾದಾಗ ಮಿಲ್ಲು. ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆಯಲ್ಲಿ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಈಗಲೇ ಮಾಡಿಸಿಡಿ. ಸರ್ಕಾರಿ ಹುದ್ದೆಗೆ ಕರೆ ಬಂದ ಮೇಲೆ ಓಡಿದರೆ ಕೊನೆಯ ದಿನ ದಾಟಿರುತ್ತದೆ.

ಪ್ಲಾಂಟ್ ಬಿಡುವ ವಾರ ಗೇಟ್‌ಪಾಸ್ ಒಪ್ಪಿಸುವ ಮುಂಚೆ ಅದರ ಫೋಟೊ ತೆಗೆದುಕೊಳ್ಳಿ. ಕೊನೆಯ ಮೂರು ಪಗಾರ ಚೀಟಿ ಮತ್ತು ಲೆಟರ್‌ಹೆಡ್ ಮೇಲೆ ಸೇವಾ ಪತ್ರ ಕೇಳಿ ಪಡೆಯಿರಿ. ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಮೂರೂ ಇರಬೇಕು, ಹುದ್ದೆಯ ಜಾಗದಲ್ಲಿ "ಹೆಲ್ಪರ್" ಎಂದಿದ್ದರೆ ಅಲ್ಲೇ ನಿಂತು "ಫಿಟ್ಟರ್" ಎಂದು ತಿದ್ದಿಸಿಕೊಂಡೇ ಹೊರಗೆ ಬನ್ನಿ.