ನೀರಾಟದ ಮೇಜು: ಎರಡು ವರ್ಷ ಮನೆಯೊಳಗೆ ಬಳಸಿದ ಮೇಲೆ

ಎರಡು ತೊಟ್ಟಿ, ನಾಲ್ಕು ಕಾಲು, ನಡುವೆ ನೀರು ಸುರಿದರೆ ತಿರುಗುವ ಚಕ್ರ. ‘ವಾಟರ್ ಟೇಬಲ್’ ಅಂತ ಆನ್‌ಲೈನಲ್ಲಿ ಸಿಗುವ ಪ್ಲಾಸ್ಟಿಕ್ ಮೇಜು ಇದು. ಮಾಡಿದ್ದು ಅಂಗಳಕ್ಕೆ, ಇಲ್ಲಿ ಬಳಸಿದ್ದು ಫ್ಲಾಟಿನ ಹಾಲ್‌ನಲ್ಲಿ, ಒಂದೂವರೆಯಿಂದ ಮೂರೂವರೆ ವರ್ಷದೊಳಗಿನ ಮಕ್ಕಳಿಗೆ, ವಾರಕ್ಕೆ ಎರಡು ಮೂರು ಸಲ. ತೊಟ್ಟಿ ಗಟ್ಟಿ, ಬೂಚು ಕಳಪೆ, ಜೊತೆಗೆ ಕೊಡುವ ಆಟಿಕೆಗಳು ಮುಕ್ಕಾಲು ಪಾಲು ದಂಡ.

ಮೊದಲು ನೀರಿನ ಲೆಕ್ಕ. ಒಂದೊಂದು ತೊಟ್ಟಿಯ ಒಳಗಳತೆ 40×30 ಸೆಂ.ಮೀ. ಒಳಗೆ ಹಾಕಿರುವ ಗೆರೆ ಮುಟ್ಟುವಂತೆ 10 ಸೆಂ.ಮೀ. ತುಂಬಿದರೆ ಎರಡೂ ಸೇರಿ 24 ಲೀಟರ್, ಅಂದರೆ 24 ಕೆ.ಜಿ. ಭಾರ. ಕಾಲುಗಳಿಗೆ ಸ್ಕ್ರೂ ಇಲ್ಲ, ಬರೀ ಒತ್ತಿ ಕೂರಿಸುವುದು. ಮಗು ಅಂಚಿಗೆ ಜೋತುಬಿದ್ದರೆ ಆ ಕಡೆಯ ಕಾಲು ಹೊರಕ್ಕೆ ಬಾಗುತ್ತದೆ. 5 ಸೆಂ.ಮೀ. ಸಾಕೇ ಸಾಕು: 12 ಲೀಟರ್, ಅರ್ಧ ಬಕೆಟ್ಟಿಗೆ ತುಸು ಹೆಚ್ಚು. ಲೋಟ ಓರೆ ಮಾಡಿ ಮೊಗೆಯಲು ಅಷ್ಟು ಆಳ ಬೇಕು, ಅದಕ್ಕಿಂತ ಬೇಡ. ಆದರೆ ಪುಟ್ಟ ಮಗು ಮುಳುಗಲಿಕ್ಕೂ ಅಷ್ಟೇ ಆಳ ಸಾಕು. ಕಾಲಿಂಗ್ ಬೆಲ್ ಹೊಡೆದರೂ, ಹಾಲು ಉಕ್ಕಿದರೂ ಮಗುವನ್ನು ಎತ್ತಿಕೊಂಡೇ ಏಳಬೇಕು.

ನೆಲದ ತಾಪತ್ರಯ ಮೇಜಿಗಿಂತ ದೊಡ್ಡದು. ವಿಟ್ರಿಫೈಡ್ ಟೈಲ್ಸ್ ಮೇಲೆ ನಾಲ್ಕು ಹನಿ ಬಿದ್ದರೂ ಜಾರುತ್ತದೆ. ಟಾರ್ಪಾಲ್ ಒಂದನ್ನೇ ಹಾಸಿದರೆ ಅದೂ ಒದ್ದೆಯಾಗಿ ಇನ್ನಷ್ಟು ಜಾರುತ್ತದೆ. ಕೆಳಗೆ ಟಾರ್ಪಾಲ್, ಅದರ ಮೇಲೆ ಹಳೆಯ ದಪ್ಪ ಹತ್ತಿ ಬೆಡ್‌ಶೀಟ್ ನಾಲ್ಕು ಮಡಿಕೆ, ಸುತ್ತ ಟವೆಲ್ ಸುರುಳಿ ಮಾಡಿ ಬದು ಕಟ್ಟಿದ ಹಾಗೆ ಇಟ್ಟರೆ ನೀರು ಸೋಫಾ ಕಡೆ ಹರಿಯುವುದಿಲ್ಲ. ಪಕ್ಕದಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ಮೊದಲೇ ತೆಗೆದಿಡಿ.

ಇನ್ನು ಬೂಚು. ತೊಟ್ಟಿಯ ತಳದಲ್ಲಿ ನೀರು ಬಿಡಲು ಒಂದು ತೂತು, ಅದಕ್ಕೆ ರಬ್ಬರ್ ವಾಷರ್ ಇರುವ ಬೂಚು. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸು ಗೊತ್ತಲ್ಲ. ವಾಷರ್ ಕೂರುವ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿ, ಬೂಚು ಪೂರ್ತಿ ಕೂರದೆ ತೊಟ್ಟಿಕ್ಕಲು ಶುರು. ನಿಂಬೆರಸ ಇಲ್ಲವೇ ವಿನೆಗರ್ ಸವರಿ ಹತ್ತು ನಿಮಿಷ ಬಿಟ್ಟು ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಪೊರೆ ಬಿಡುತ್ತದೆ. ಆಮೇಲೂ ಸೋರಿದರೆ ವಾಷರ್ ಒಣಗಿ ಗಟ್ಟಿಯಾಗಿದೆ ಅಂತ. ಹಳೆಯದನ್ನು ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಅದೇ ಅಳತೆಯದು ಸಿಗುತ್ತದೆ. ಎರಡು ವರ್ಷದಲ್ಲಿ ಎರಡು ಸಲ ಬದಲಾಯಿಸಬೇಕಾಯಿತು.

ಚಕ್ರ ಚೆನ್ನಾಗಿಯೇ ತಿರುಗುತ್ತದೆ, ಮರಳು, ರವೆ ಹಾಕದಿದ್ದರೆ. ಅವುಗಳ ಕಾಳು ಚಕ್ರದ ನಡುವಿನ ಕಡ್ಡಿಗೆ ಸೇರಿಕೊಂಡರೆ ಬಿಚ್ಚಿ ತೊಳೆಯುವ ಏರ್ಪಾಡೇ ಇಲ್ಲ. ಜೊತೆಗೆ ಬಂದ ಹಿಚುಕುವ ಬಾತುಕೋಳಿಗಳನ್ನು ಎಸೆಯಿರಿ. ಒಳಗೆ ನೀರು ನಿಂತು ಬೂಷ್ಟು ಹಿಡಿಯುತ್ತದೆ, ಹಿಚುಕಿದಾಗ ಕಪ್ಪು ಚೂರು ಹೊರಗೆ ಬರುತ್ತವೆ. ಅವಕ್ಕೆ ಬದಲು ಟೀ ಸೋಸುವ ಜಾಲರಿ, ಲಾಳಿಕೆ, ಸ್ಪಂಜು, ಎರಡು ಅಳತೆಯ ಸ್ಟೀಲ್ ಲೋಟ. ತೂತಿರುವ ಇಡ್ಲಿ ತಟ್ಟೆ ಎತ್ತಿ ಹಿಡಿದು ಮೇಲಿಂದ ನೀರು ಹೊಯ್ದರೆ ಕೆಳಗೆ ಮಳೆ. ಅದೊಂದರಲ್ಲೇ ಇಪ್ಪತ್ತು ನಿಮಿಷ ಕಳೆಯುತ್ತದೆ.

ಅರಿಸಿನದ ನೀರಿಗೆ ಅಡುಗೆ ಸೋಡ ಚಿಟಿಕೆ ಹಾಕಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಬಿಳಿ ತೊಟ್ಟಿಗೆ ಕಲೆ ಹಿಡಿಯುತ್ತದೆ, ಬಿಸಿಲಿಗಿಟ್ಟರೆ ಮಂಕಾಗುತ್ತದೆ. ಲೋಳೆ ಲೋಳೆ ಬೇಕೆಂದರೆ ಒಂದು ಚಮಚ ಕಾಮಕಸ್ತೂರಿ ಬೀಜ, ಒಂದು ಲೋಟ ನೀರು, ಇಪ್ಪತ್ತು ನಿಮಿಷ. ಪೂರ್ತಿ ಉಬ್ಬಿದ ಮೇಲೆ ಬೇರೆ ಬೋಗುಣಿಯಲ್ಲೇ ಕೊಡಿ; ಒಣ ಬೀಜ ಮಗುವಿನ ಕೈಗೆ ಬೇಡ. ಆಟ ಮುಗಿದ ಮೇಲೆ ಬಟ್ಟೆಯಲ್ಲಿ ಸೋಸಿಯೇ ಚೆಲ್ಲಿ, ಇಲ್ಲದಿದ್ದರೆ ಬಚ್ಚಲ ಜಾಲರಿ ಕಟ್ಟಿಕೊಳ್ಳುತ್ತದೆ. ನೀರಲ್ಲಿ ಊದುವ ಬಣ್ಣದ ಜೆಲ್ ಮಣಿಗಳನ್ನು ಮಾತ್ರ ಮನೆಗೇ ತರಬೇಡಿ. ನುಂಗಿದರೆ ಕರುಳಲ್ಲಿ ಊದಿ ಅಡ್ಡಗಟ್ಟುತ್ತವೆ, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್ 2023ರ ಕೊನೆಗೆ ಇವನ್ನು ಮಕ್ಕಳ ಆಟದ ಸಾಮಾನೆಂದು ಮಾರುವುದನ್ನೇ ನಿಲ್ಲಿಸಿದವು.

ಆಟ ಮುಗಿದ ಕೂಡಲೇ ನೀರು ಖಾಲಿ ಮಾಡಿ, ತೊಟ್ಟಿ ಬೋರಲು ಹಾಕಿ. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಲ್ಲೇ. ಸೋಪು, ಸೋಡ ಬೆರೆಸದ ನೀರು ಗಿಡದ ಕುಂಡಕ್ಕೆ, ಬೆರೆಸಿದ್ದು ಟಾಯ್ಲೆಟ್ಟಿಗೆ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಪೆಟ್ಟಿಗೆ ಬಂದ ದಿನವೇ ನೀರು ತುಂಬಿ, ಬೂಚಿನ ಕೆಳಗೆ ಒಣ ಪೇಪರ್ ಹಾಸಿ ಒಂದು ಗಂಟೆ ಬಿಡಿ. ಪೇಪರ್ ಒದ್ದೆಯಾದರೆ ರಿಟರ್ನ್ ಅವಧಿ ಮುಗಿಯುವ ಮೊದಲೇ ವಾಪಸ್ ಕಳಿಸಿ.