ಡ್ರಮ್ ಬಾರ್ಬೆಕ್ಯೂ: ಮುಚ್ಚಳಕ್ಕೆ ಕೊಟ್ಟ ದುಡ್ಡು ದಂಡವಲ್ಲ

ಕಾಸರಗೋಡಿನ ಕಡೆ ಅಂಗಳದಲ್ಲೊಂದು ಬಾರ್ಬೆಕ್ಯೂ ಇಡಬೇಕೆಂದು ಹೊರಟವರಿಗೆ ಮೂರು ದಾರಿ. ಆನ್‌ಲೈನಿನಲ್ಲಿ ಸಿಗುವ, ಸೂಟ್‌ಕೇಸಿನ ಹಾಗೆ ಮಡಚುವ ತಗಡಿನ ಪೆಟ್ಟಿಗೆ ಒಂದು. ಮುಚ್ಚಳವಿರುವ ದುಂಡನೆಯ ಕೆಟಲ್ ಗ್ರಿಲ್ ಇನ್ನೊಂದು. ಮೂರನೆಯದು, ವೆಲ್ಡಿಂಗ್ ಅಂಗಡಿಯಲ್ಲಿ 200 ಲೀಟರಿನ ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಕಾಲು ಹಚ್ಚಿಸಿ ಮಾಡಿಸಿಕೊಳ್ಳುವುದು. ಇಲ್ಲಿ ತೂಗಿ ನೋಡುತ್ತಿರುವುದು ಮೂರನೆಯದನ್ನು.

ಮಡಚುವ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತಗಡು ತೆಳು, ಕೆಂಡಕ್ಕೂ ಜಾಲರಿಗೂ ನಡುವೆ ನಾಲ್ಕು ಬೆರಳು ಜಾಗ, ಮುಚ್ಚಳವಿಲ್ಲ. ಕಡ್ಡಿಗೆ ಸಿಕ್ಕಿಸಿದ ಸಣ್ಣ ತುಂಡುಗಳಿಗೆ ಸಾಕು. ಮೂಳೆ ಇರುವ ಕೋಳಿಗೆ ಸಾಲದು. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಒಂದು ಮಳೆಗಾಲ ಹೊರಗೆ ಬಿಟ್ಟರೆ ಮಡಚುವ ಕೀಲೇ ಹಿಡಿದುಕೊಳ್ಳುತ್ತದೆ. ಕೆಟಲ್ ಒಳ್ಳೆಯ ಸಾಮಾನು, ಸಂಶಯವಿಲ್ಲ. ಅದರ ಹುಟ್ಟು ನೋಡಿದರೆ ಡ್ರಮ್ ಕೂಡ ಅದರ ನೆಂಟನೇ: 1952ರಲ್ಲಿ ಅಮೆರಿಕದ ಶಿಕಾಗೊ ಬಳಿಯ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸಿನಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಲೋಹದ ಬೋಯ್ ಒಂದನ್ನು ಎರಡು ಹೋಳು ಮಾಡಿ, ಒಂದನ್ನು ಒಲೆ, ಇನ್ನೊಂದನ್ನು ಮುಚ್ಚಳ ಮಾಡಿದ. ಆತ ಬೋಯ್ ಸೀಳಿದ, ನಮ್ಮವರು ಡ್ರಮ್ ಸೀಳುತ್ತಾರೆ. ಆದರೆ ಆತನಿಗೆ ಮುಖ್ಯವಾಗಿದ್ದದ್ದು ಮುಚ್ಚಳ. ನಮ್ಮಲ್ಲಿ ದುಡ್ಡು ಉಳಿಸಲು ಮೊದಲು ಕೈಬಿಡುವುದೂ ಅದನ್ನೇ.

ಡ್ರಮ್ಮಿನ ಅಡ್ಡಳತೆ ಸುಮಾರು 58 ಸೆಂಟಿಮೀಟರ್, ಉದ್ದ 88. ಸೀಳಿದ ಹೋಳಿನ ನಡುಭಾಗ 28-29 ಸೆಂಟಿಮೀಟರ್ ಆಳ. ಎಲ್ಲರೂ ಮಾಡುವ ತಪ್ಪು ಇಲ್ಲೇ. ಕೆಂಡವನ್ನು ನೇರ ತಳಕ್ಕೆ ಸುರಿದರೆ ಜಾಲರಿಗೆ ಕಾವು ತಲುಪುವುದಿಲ್ಲ, ತಲುಪಿಸಲು ಮೂರು ಪಾಲು ಇದ್ದಿಲು ಸುರಿಯಬೇಕಾಗುತ್ತದೆ, ಬೂದಿ ಅಡಿಯಲ್ಲೇ ಕೂತು ಗಾಳಿಯನ್ನು ತಡೆಯುತ್ತದೆ. ಇದ್ದಿಲಿಗೇ ಬೇರೆ ಒಂದು ಜಾಲರಿ ಬೇಕು, ಅಡುಗೆ ಜಾಲರಿಯಿಂದ 12ರಿಂದ 15 ಸೆಂಟಿಮೀಟರ್ ಕೆಳಗೆ. ಡ್ರಮ್ಮಿನ ಒಳಗೋಡೆಗೆ ನಾಲ್ಕು ತುಂಡು ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಹಚ್ಚಿ ಅದರ ಮೇಲೆ ಕೂರಿಸಿದರಾಯಿತು. ಅರ್ಧ ಗಂಟೆಯ ಕೆಲಸ, ಆದರೆ ಕೇಳದೆ ಯಾರೂ ಮಾಡಿಕೊಡುವುದಿಲ್ಲ.

ಗಾಳಿಯ ಕಿಂಡಿ ಎರಡನೆಯ ತಕರಾರು. ಅಂದಕ್ಕೆಂದು ಸುತ್ತಲೂ ತೂತು ಕೊರೆದ ಡ್ರಮ್ಮುಗಳಿವೆ. ಅವುಗಳಲ್ಲಿ ಬೆಂಕಿ ಯಾರ ಮಾತೂ ಕೇಳುವುದಿಲ್ಲ. ಬೇಕಾದ್ದು ಎರಡೇ: ಕೆಂಡ ಹಾಕುವ ತುದಿಯಲ್ಲಿ, ಇದ್ದಿಲ ಜಾಲರಿಗಿಂತ ಕೆಳಗೆ, ತಗಡಿನ ಬಾಗಿಲಿರುವ ಒಂದು ಕಿಂಡಿ, ಎದುರು ತುದಿಯಲ್ಲಿ, ಮುಚ್ಚಳದ ಮೇಲೆ, ಹೊಗೆ ಹೋಗಲು ಇನ್ನೊಂದು. ಆಗ ಬಿಸಿಗಾಳಿ ಕೆಂಡದಿಂದ ಎದ್ದು ಮಾಂಸವನ್ನು ದಾಟಿಯೇ ಹೊರಗೆ ಹೋಗಬೇಕು. ಬೆಂಕಿಯನ್ನು ಏರಿಸಿ ಇಳಿಸುವುದು ಕೆಳಗಿನ ಕಿಂಡಿಯಿಂದ ಮಾತ್ರ. ಮೇಲಿನದು ಅಡುಗೆ ಮುಗಿಯುವ ತನಕ ತೆರೆದೇ ಇರಲಿ; ಮುಚ್ಚಿದರೆ ಹೊಗೆ ಒಳಗೇ ಹಳಸಿ ಮಾಂಸಕ್ಕೆ ಕಹಿ ಮಸಿ ಹಿಡಿಯುತ್ತದೆ.

ಡ್ರಮ್ ಆರಿಸುವಾಗ ಜಿಪುಣತನ ಬೇಡ. ಕೀಟನಾಶಕ, ಸಾಲ್ವೆಂಟ್ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ಎಣ್ಣೆ ಇದ್ದ ಡ್ರಮ್ಮಿನೊಳಗೆ ಆವಿ ಉಳಿದಿರುತ್ತದೆ. ಅದಕ್ಕೆ ಹಾಗೆಯೇ ಗ್ಯಾಸ್ ಕಟರ್ ಹಿಡಿದರೆ ಸಿಡಿಯಬಹುದು. ಚೆನ್ನಾಗಿ ತೊಳೆದು, ಆವಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಸೀಳಿಸಬೇಕು. ಆಹಾರ ತುಂಬುವ ಡ್ರಮ್ಮಿನ ಒಳಗೂ ಅನೇಕ ಸಲ ಎಪಾಕ್ಸಿ ಲೇಪ ಇರುತ್ತದೆ. ಸೀಳಿಸಿದ ಮೇಲೆ ಒಣ ಕಟ್ಟಿಗೆ ತುಂಬಿ ಎರಡು ಗಂಟೆ ಧಗಧಗ ಉರಿಸಿ, ಒಳಗಿನ ಲೇಪ, ಹೊರಗಿನ ಬಣ್ಣ ಎರಡೂ ಸುಟ್ಟು ಉದುರಿದ ಮೇಲೆ ತಂತಿಯ ಬ್ರಷ್ಷಿನಲ್ಲಿ ಬರಿಯ ಕಬ್ಬಿಣ ಕಾಣುವವರೆಗೆ ಉಜ್ಜಬೇಕು. ಆಮೇಲೆ ಒಳಗಡೆ ತೆಳ್ಳಗೆ ಅಡುಗೆ ಎಣ್ಣೆ ಸವರಿ ಮತ್ತೊಮ್ಮೆ ಕಾಯಿಸುವುದು, ಹೊಸ ಕಾವಲಿಯನ್ನು ಹದ ಮಾಡುವ ಹಾಗೆ. ಹೊರಗಡೆಗೆ ಬೈಕಿನ ಸೈಲೆನ್ಸರಿಗೆ ಹೊಡೆಯುವ, ಶಾಖ ತಾಳುವ ಕಪ್ಪು ಬಣ್ಣ.

ಅಡುಗೆ ಜಾಲರಿಗೆ 8 ಮಿಲಿಮೀಟರಿನ ಸ್ಟೀಲ್ ಸರಳು, ಸರಳಿಗೂ ಸರಳಿಗೂ ಒಂದೂವರೆ ಸೆಂಟಿಮೀಟರ್ ಅಂತರ. ಬೇಲಿಗೆ ಹಾಕುವ ಜಿಐ ಮೆಶ್ ಕತ್ತರಿಸಿ ಇಡುವವರಿದ್ದಾರೆ. ಅದರ ಮೇಲಿನ ಸತುವಿನ ಲೇಪ ಜೋರು ಕಾವಿಗೆ ಹೊಗೆಯಾಗುತ್ತದೆ, ಆ ಹೊಗೆ ವಿಷ. ಹಳೆಯ ಫ್ರಿಜ್ಜಿನ ತಟ್ಟೆಯೂ ಬೇಡ.

ಇನ್ನು ಬೆಂಕಿ. ಇಲ್ಲಿ ನಮ್ಮ ಅದೃಷ್ಟ ಗೆರಟೆ. ತೆಂಗಿನ ಗೆರಟೆಯ ಇದ್ದಿಲು ಕಟ್ಟಿಗೆ ಇದ್ದಿಲಿಗಿಂತ ಬಿಸಿ ಹೆಚ್ಚು, ಬೂದಿ ಕಡಿಮೆ. ಆದರೆ ಅದರ ಗುಣ ಅರಿಯದೆ ಬಳಸಿದರೆ ಬೈಗುಳ ತಿನ್ನುತ್ತದೆ. ಚೂರುಗಳು ತೆಳು, ಬಟ್ಟಲಾಕಾರ. ಒಂದರೊಳಗೊಂದು ಕೂತು ಗಾಳಿಗೆ ದಾರಿಯೇ ಇಲ್ಲದಂತೆ ಮಾಡುತ್ತವೆ. ಬೆರಳಗಲಕ್ಕಿಂತ ಸಣ್ಣ ಪುಡಿಯನ್ನು ಜರಡಿ ಹಿಡಿದು ತೆಗೆದೇ ಹಾಕಬೇಕು. ಸುಡದ ಹಸಿ ಗೆರಟೆಯನ್ನು ನೇರ ಹಾಕಿದರೆ ಎಣ್ಣೆಯಂಥ ಕಪ್ಪು ಹೊಗೆ ಬರುತ್ತದೆ. ಉರಿ ಪೂರ್ತಿ ಇಳಿದು ಕೆಂಡವಾದ ಮೇಲಷ್ಟೇ ಮಾಂಸ ಇಡಬೇಕು. ಮಳೆಗಾಲದಲ್ಲಿ ಇದ್ದಿಲು ತೇವ ಹೀರಿ ಹೊತ್ತಿಕೊಳ್ಳಲು ಸತಾಯಿಸುತ್ತದೆ, ಸಿಡಿಯುತ್ತದೆ. ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬದಲ್ಲಿಡುವುದು ಲೇಸು.

ಹೊತ್ತಿಸಲು ಸೀಮೆಎಣ್ಣೆ ಬೇಡ, ವಾಸನೆ ಕೋಳಿಯ ತನಕ ಬರುತ್ತದೆ. ಪೆಟ್ರೋಲಿನ ಹೆಸರೂ ಎತ್ತಬೇಡಿ. 15 ಕಿಲೋ ಎಣ್ಣೆಯ ಖಾಲಿ ಡಬ್ಬಿಯ ತಳ, ಮೇಲು ಎರಡೂ ಕತ್ತರಿಸಿ, ಕೆಳಗಿನಿಂದ ಎಂಟು ಸೆಂಟಿಮೀಟರ್ ಎತ್ತರದಲ್ಲಿ ಎರಡು ಸರಳು ಅಡ್ಡ ಹಾಯಿಸಿ, ಅದರ ಮೇಲೆ ಒಂದು ತುಂಡು ಕಬ್ಬಿಣದ ಜಾಲರಿ ಇಟ್ಟು, ಅಡಿಯ ಸುತ್ತ ಹತ್ತಾರು ತೂತು ಹೊಡೆದರೆ ಹೊತ್ತಿಸುವ ಚಿಮಣಿ ಸಿದ್ಧ. ಮೊದಲ ಸಲ ಬರಿದೇ ಸುಟ್ಟು ಬಣ್ಣ ಕಳೆಯಿರಿ. ಅಡಿಯಲ್ಲಿ ಎರಡು ಹಾಳೆ ಪೇಪರ್ ಅಥವಾ ಒಣ ತೆಂಗಿನ ಸಿಪ್ಪೆಯ ನಾರು, ಮೇಲೆ ಎರಡು ಕಿಲೋ ಇದ್ದಿಲು. 15-20 ನಿಮಿಷದಲ್ಲಿ ಮೇಲಿನ ತುಂಡುಗಳ ಅಂಚಿಗೂ ಬಿಳಿ ಬೂದಿ ಹಿಡಿಯುತ್ತದೆ. ಅದಕ್ಕೆ ಮೊದಲು ಸುರಿದರೆ ಅರ್ಧ ಹೊತ್ತಿದ ಇದ್ದಿಲಿನ ಕಹಿ ಹೊಗೆ. ಬೆಳಿಗ್ಗೆ ಬಚ್ಚಲೊಲೆ ಉರಿಸುವ ಮನೆಯಾದರೆ ಇದ್ಯಾವುದೂ ಬೇಡ, ಎರಡು ಸೌಟು ಕೆಂಡ ತಂದು ಹಾಕಿ.

ಸುರಿಯುವುದು ಡ್ರಮ್ಮಿನ ಒಂದೇ ಅರ್ಧಕ್ಕೆ. ಇನ್ನರ್ಧ ಖಾಲಿ. ಡ್ರಮ್ ಖರೀದಿಗೆ ಅರ್ಥ ಬರುವುದೇ ಇದರಿಂದ. 88 ಸೆಂಟಿಮೀಟರ್ ಉದ್ದವಿರುವ ಕಾರಣ ಖಾಲಿ ಅರ್ಧದಲ್ಲಿ ಎರಡು ಇಡೀ ಕೋಳಿ ಬಿಡಿಸಿ ಮಲಗಿಸಬಹುದು. ದುಂಡು ಕೆಟಲಿನಲ್ಲಿ ಒಂದಕ್ಕೇ ಜಾಗ ಹುಡುಕಬೇಕು. ಕಾವು ನೋಡಲು ಜಾಲರಿಯ ಮೇಲೆ ಸುಮಾರು 12 ಸೆಂಟಿಮೀಟರ್ ಎತ್ತರದಲ್ಲಿ ಅಂಗೈ ಹಿಡಿಯಿರಿ: 2ರಿಂದ 4 ಸೆಕೆಂಡಿನಲ್ಲಿ ಕೈ ಎಳೆದುಕೊಂಡರೆ ಜೋರು, 5ರಿಂದ 7 ತಡೆದರೆ ಮಧ್ಯಮ. ಮುಚ್ಚಳದ ನೆತ್ತಿಗೆ ಹಚ್ಚಿದ ಥರ್ಮಾಮೀಟರನ್ನು ನಂಬಬೇಡಿ. ಅದು ತೋರಿಸುವುದು ನೆತ್ತಿಯ ಬಿಸಿಯನ್ನು, ಕೋಳಿಯ ಮಟ್ಟದ್ದನ್ನಲ್ಲ.

ಕೋಳಿ ಎಂದರೆ ಕಾಸರಗೋಡಿನಲ್ಲಿ ಅಲ್‌ಫಹಮ್. ಅರಬ್ಬಿಯಲ್ಲಿ ಫಹಮ್ ಎಂದರೆ ಇದ್ದಿಲು. ಗಲ್ಫಿನಿಂದ ಹೆಸರಿನ ಸಮೇತ ಬಂದ ತಿಂಡಿ. ಮನೆಯಲ್ಲಿ ಮಾಡಿದ್ದು ಹೊರಗೆ ಕಪ್ಪಾಗಿ ಮೂಳೆಯ ಬುಡದಲ್ಲಿ ಕೆಂಪು ಉಳಿಯುವುದಕ್ಕೆ ಕಾರಣ ಅರಪ್ಪು, ಅಂದರೆ ಅರೆದ ಮಸಾಲೆ. ತೆಂಗಿನಕಾಯಿ, ಬ್ಯಾಡಗಿ ಮೆಣಸು, ಬೆಲ್ಲ ಮೂರೂ ಮಾಂಸ ಬೇಯುವುದಕ್ಕೆ ಬಹಳ ಮೊದಲೇ ಕರಟುತ್ತವೆ. ಕೋಳಿಸುಕ್ಕದ ಅರಪ್ಪನ್ನು ಹಾಗೇ ಬಳಿದರೆ ಕೆಂಡದ ಮೇಲೆ ಐದು ನಿಮಿಷಕ್ಕೆ ಕಹಿ. ಸುಮಾರು 1 ಕಿಲೋ ಕೋಳಿಯ ಬೆನ್ನೆಲುಬು ಕತ್ತರಿಸಿ ತೆಗೆದು, ಎದೆಯನ್ನು ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ, ತೊಡೆಗೆ ಮೂಳೆಯವರೆಗೆ ಎರಡೆರಡು ಗೀರು ಹಾಕಿ. 15 ಗ್ರಾಂ ಉಪ್ಪು ಹಿಂದಿನ ರಾತ್ರಿಯೇ ಉಜ್ಜಿ ಫ್ರಿಜ್ಜಿನಲ್ಲಿಡಿ. ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಕೊತ್ತಂಬರಿ, ಸ್ವಲ್ಪ ಎಣ್ಣೆ ಬೆಳಿಗ್ಗೆ. ಲಿಂಬೆಹುಳಿ ಕೊನೆಯ ಎರಡು ಗಂಟೆಗೆ ಸಾಕು; ರಾತ್ರಿಯಿಡೀ ಇಟ್ಟರೆ ಮೇಲ್ಪದರ ಹಿಟ್ಟುಹಿಟ್ಟಾಗುತ್ತದೆ.

ಖಾಲಿ ಅರ್ಧದಲ್ಲಿ, ಚರ್ಮ ಮೇಲಾಗಿ, ತೊಡೆ ಕೆಂಡದ ಕಡೆಗೆ ಇರುವಂತೆ ಮಲಗಿಸಿ ಮುಚ್ಚಳ ಹಾಕಿ. 45ರಿಂದ 55 ನಿಮಿಷ. ಅರ್ಧದಾರಿಯಲ್ಲಿ ಒಂದು ಹಿಡಿ ಹೊತ್ತಿದ ಇದ್ದಿಲು ಸೇರಿಸಬೇಕು, ಇನ್ನೂ ಹೊತ್ತಿಕೊಳ್ಳದ್ದನ್ನಲ್ಲ. ಇಣುಕಬೇಡಿ, ಪ್ರತಿ ಸಲ ಮುಚ್ಚಳ ತೆರೆದಾಗಲೂ ಕೂಡಿಟ್ಟ ಕಾವು ಹಾರಿಹೋಗುತ್ತದೆ, ಬೆಂಕಿಗೆ ಗಾಳಿ ಸಿಕ್ಕಿ ಅದು ಭುಗಿಲೇಳುತ್ತದೆ. ಎದೆಯ ದಪ್ಪ ಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್, ತೊಡೆಯಲ್ಲಿ 80 ಮುಟ್ಟಿದರೆ ಬೆಂದಿದೆ. ಚುಚ್ಚುವ ಥರ್ಮಾಮೀಟರಿಗೆ ಕೊಟ್ಟ ದುಡ್ಡೂ ದಂಡವಲ್ಲ. ಕೆಂಪು ಅರಪ್ಪು ಬೇಕೇ ಬೇಕೆಂದರೆ ಕೊನೆಯ ಹತ್ತು ನಿಮಿಷಕ್ಕೆ ಬಳಿದು, ಚರ್ಮವನ್ನು ಕೆಂಡದ ಮೇಲೆ ಎರಡು ಮೂರು ನಿಮಿಷ ಮಾತ್ರ ತೋರಿಸಿ. ಕೊಬ್ಬು ಬಿದ್ದು ಉರಿ ಎದ್ದರೆ ನೀರು ಚಿಮುಕಿಸಬೇಡಿ, ಬೂದಿ ಎದ್ದು ಕೋಳಿಗೆ ಅಂಟುತ್ತದೆ. ಖಾಲಿ ಕಡೆಗೆ ಎಳೆದು ಮುಚ್ಚಳ ಹಾಕಿದರೆ ಉರಿ ತಾನೇ ಅಡಗುತ್ತದೆ.

ಬಂಗುಡೆಗೆ ಇಷ್ಟು ತಾಳ್ಮೆ ಬೇಡ. ಅಂಟುವುದೊಂದೇ ತೊಂದರೆ, ಅದಕ್ಕೆ ಕಾರಣ ಮೂರು: ಮೀನು ಒದ್ದೆ, ಜಾಲರಿ ತಣ್ಣಗೆ, ಕೈ ಚಡಪಡಿಕೆ. ಬಟ್ಟೆಯಲ್ಲಿ ಒರೆಸಿ, ಎಣ್ಣೆಯನ್ನು ಮೀನಿಗೇ ಸವರಿ, ಹತ್ತು ನಿಮಿಷ ಕಾದ ಜಾಲರಿಯ ಮೇಲೆ ಮಧ್ಯಮ ಕಾವಿನಲ್ಲಿ ಇಟ್ಟು, ಐದು ನಿಮಿಷ ಮುಟ್ಟದೆ ಬಿಡಿ. ಚರ್ಮ ಗರಿಯಾದರೆ ಮೀನು ತಾನಾಗಿ ಬಿಡುತ್ತದೆ. ಅಂಜಲ್ ತುಂಡು ಎರಡು ಸೆಂಟಿಮೀಟರಿಗಿಂತ ತೆಳುವಾದರೆ ಒಣಗುತ್ತದೆ. ಕಲ್ಲುಮ್ಮಕಾಯಿ ಎಂಬ ಚಿಪ್ಪುಮೀನನ್ನು ಚಿಪ್ಪಿನ ಸಮೇತ ಜಾಲರಿಗೆ ಹಾಕಿ. ಬಾಯಿ ಬಿಡದೇ ಉಳಿದದ್ದನ್ನು ಬಿಸಾಡಿ.

ಸಸ್ಯಾಹಾರಿ ಮನೆಗೆ ಈ ಡ್ರಮ್ ದಂಡವೆಂದು ಹೇಳುವವರು ಜೀಗುಜ್ಜೆ (ಬ್ರೆಡ್‌ಫ್ರೂಟ್) ಸುಟ್ಟು ತಿಂದಿರಲಿಕ್ಕಿಲ್ಲ. ಬಲಿತ ಇಡೀ ಕಾಯಿಯ ತೊಟ್ಟಿನ ಬಳಿ ಚೂರಿಯಿಂದ ಒಮ್ಮೆ ತಿವಿದು, ಕೆಂಡದ ಅಂಚಿನಲ್ಲಿ ಮುಕ್ಕಾಲರಿಂದ ಒಂದು ಗಂಟೆ ತಿರುಗಿಸುತ್ತಾ ಇಡಿ. ಸಿಪ್ಪೆ ಪೂರ್ತಿ ಕಪ್ಪಾಗಿ, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಸಿಪ್ಪೆ ಕೆತ್ತಿದರೆ ಒಳಗೆ ಬ್ರೆಡ್ಡಿನಂಥ ತಿರುಳು; ಉಪ್ಪು, ತೆಂಗಿನೆಣ್ಣೆ, ಜಜ್ಜಿದ ಗಾಂಧಾರಿ ಮೆಣಸು ಅದಕ್ಕೆ ಸಾಕು.

ಹೊಗೆಯ ಪರಿಮಳಕ್ಕೆಂದು ತೋಟದಲ್ಲಿ ಸಿಕ್ಕಿದ್ದೆಲ್ಲ ಒಲೆಗೆ ಹಾಕುವಂತಿಲ್ಲ. ಪೇರಳೆ, ಮಾವಿನ ಒಣಕೊಂಬೆ ಆಗಬಹುದು. ಗೇರುಬೀಜದ ಸಿಪ್ಪೆ ಬೇಡವೇ ಬೇಡ. ಅದರ ಎಣ್ಣೆ ಚರ್ಮ ಸುಡುತ್ತದೆ, ಹೊಗೆಯೂ ಅಷ್ಟೇ. ಚೇರೆ ಮರ ಬೇಡ. ಊರಿನ ಹೆಸರೇ ಅದರಿಂದ ಬಂತೆಂದು ಕೆಲವರು ಹೇಳುವ ಕಾಸರಕವೂ ಬೇಡ, ಅದು ವಿಷದ ಮರ.

ಮಳೆ ಬಂತೆಂದು ಡ್ರಮ್ಮನ್ನು ಟಾರ್ಪಲ್ ಕಟ್ಟಿದ ಚಾವಡಿಗೆ ಎಳೆಯಬೇಡಿ. ಇದ್ದಿಲು ಬಿಡುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಅಡುಗೆ ಮುಗಿದ ಮೇಲೆ ಎರಡೂ ಕಿಂಡಿ ಮುಚ್ಚಿದರೆ ಕೆಂಡ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಮುಚ್ಚಳವಿಲ್ಲದವರಿಗೆ ಈ ಉಳಿತಾಯವೂ ಇಲ್ಲ. ಬೂದಿಯನ್ನು ಎರಡು ದಿನ ಬಿಟ್ಟು ತೆಗೆಯಿರಿ, ಒಣ ಅಡಿಕೆ ಸಿಪ್ಪೆಯ ರಾಶಿಯ ಹತ್ತಿರ ಸುರಿಯಬೇಡಿ. ತೆಂಗಿನ ಬುಡಕ್ಕೆ ಹಾಕಿದರೆ ವ್ಯರ್ಥವಲ್ಲ: ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ತೆಂಗಿಗೆ ವರ್ಷಕ್ಕೆ ಹೇಳುವ ಪೊಟ್ಯಾಷ್ ಸಾರಜನಕದ ಎರಡು ಪಟ್ಟಿಗಿಂತ ಹೆಚ್ಚು, ಬೂದಿಯಲ್ಲಿರುವುದೂ ಅದೇ ಪೊಟ್ಯಾಷ್.

ನಾಲ್ಕೇ ಜನರ ಮನೆಯಾದರೆ ಇಡೀ ಡ್ರಮ್ ದೊಡ್ಡದಾಯಿತು. ಆರು ಬಂಗುಡೆ ಸುಡಲೂ ಎರಡು ಕಿಲೋ ಇದ್ದಿಲು ಬೇಡುತ್ತದೆ. ಅಂಥವರು 50-60 ಲೀಟರಿನ ಸಣ್ಣ ಡ್ರಮ್ ಹುಡುಕಿ ಅದನ್ನೇ ಸೀಳಿಸಲಿ. ಇದ್ದಿಲಿನ ಜಾಲರಿ 12 ಸೆಂಟಿಮೀಟರ್ ಕೆಳಗೆ ಇರಲಿ, ಜಾಲರಿಯ ಎತ್ತರ ನೆಲದಿಂದ 85 ಸೆಂಟಿಮೀಟರಿಗೆ ಬರುವಷ್ಟು ಕಾಲು ಉದ್ದವಿರಲಿ, ಮುಚ್ಚಳದ ಹಿಡಿಗೆ ಕಬ್ಬಿಣದ ಬದಲು ಮರ ಹಾಕಿಸಿ.