ಕಟ್ಟಿಗೆ ಗಾಲಿಯ ಚಕ್ಕಡಿ, ಟೈರಿನ ಬಂಡಿ: ಎಲ್ಲಮ್ಮನ ಗುಡ್ಡದ ಹಾದಿಗೆ ಯಾವುದು ಮೇಲು?

ಭರತ ಹುಣ್ಣಿಮೆಯ ಜಾತ್ರೆಗೆ ಎತ್ತಿನ ಬಂಡಿಯಲ್ಲಿಯೇ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಪದ್ಧತಿ ಬೆಳಗಾವಿ, ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಅನೇಕ ಊರುಗಳಲ್ಲಿ ಇಂದಿಗೂ ಉಳಿದಿದೆ. ಹೊರಡುವ ಮನೆಯಲ್ಲಿ ಬುತ್ತಿಯ ಮಾತಿಗಿಂತ ಮೊದಲು ಏಳುವುದು ಬಂಡಿಯ ಮಾತು: ಹಳೆಯ ಕಟ್ಟಿಗೆ ಗಾಲಿಯ ಚಕ್ಕಡಿಯನ್ನು ಹೂಡುವುದೋ, ಟೈರಿನ ಬಂಡಿಯನ್ನೋ? ನಮ್ಮ ಮನೆಯಲ್ಲಿ ಎರಡೂ ಇವೆ. ಗೋಕಾಕದ ಕಡೆಯಿಂದ ಯರಗಟ್ಟಿ, ಮುನವಳ್ಳಿಗಳನ್ನು ಹಾಯ್ದು ಸವದತ್ತಿ ಸೇರುವ ಒಂದೇ ಹಾದಿಯನ್ನು ಬೇರೆ ಬೇರೆ ವರ್ಷಗಳಲ್ಲಿ ಎರಡರಲ್ಲಿಯೂ ಕ್ರಮಿಸಿರುವುದರಿಂದ, ಕೇಳಿದ ಮಾತನ್ನು ಬಿಟ್ಟು ಕಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ವೇಗದ ವಿಷಯವನ್ನು ಮೊದಲೇ ಮುಗಿಸಿಬಿಡಬಹುದು. ಹೇರಿನ ಬಂಡಿ ಎಳೆಯುವ ಎತ್ತಿನ ಜೋಡಿ ಗಂಟೆಗೆ 3ರಿಂದ 4 ಕಿಲೋಮೀಟರ್ ನಡೆಯುತ್ತದೆ, ದಿನಕ್ಕೆ 20–25 ಕಿಲೋಮೀಟರ್ ಆದರೆ ಅದು ಒಳ್ಳೆಯ ಮಜಲು. ಗಾಲಿ ಯಾವುದಾದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ, ಏಕೆಂದರೆ ನಡೆಯುವುದು ಎತ್ತೇ ಹೊರತು ಗಾಲಿಯಲ್ಲ. ವ್ಯತ್ಯಾಸ ಕಾಣಿಸುವುದು ಸಂಜೆ ಕೊಳ್ಳು ಹರಿದಾಗ, ಅಂದರೆ ಎತ್ತುಗಳನ್ನು ನೊಗದಿಂದ ಬಿಚ್ಚಿದಾಗ: ಯಾವ ಎತ್ತು ನೇರವಾಗಿ ಕಣಕಿಯ ಮೇವಿಗೆ ಬಾಯಿ ಹಾಕುತ್ತದೆ, ಯಾವುದು ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತದೆ ಎಂಬುದರಲ್ಲಿ.

ಟೈರಿನ ಬಂಡಿಯ ನಿಜವಾದ ಲಾಭವಿರುವುದು ಬೇರಿಂಗಿನಲ್ಲಿ. ನಿಂತ ಬಂಡಿಯನ್ನು ಕದಲಿಸುವ ಮೊದಲ ಎಳೆತವೇ ಎತ್ತಿಗೆ ಕಠಿಣವಾದದ್ದು. ಜಾತ್ರೆಯ ಹಾದಿಯಲ್ಲಿ ಬಸ್ಸು ಬಂತೆಂದು, ಮುಂದಿನ ಬಂಡಿ ನಿಂತಿತೆಂದು ಮೇಲಿಂದ ಮೇಲೆ ನಿಂತು ಹೊರಡಬೇಕಾಗುತ್ತದೆ. ಚಕ್ಕಡಿಯಲ್ಲಿ ಪ್ರತಿ ಸಲವೂ ಎತ್ತುಗಳು ಬೆನ್ನು ಬಾಗಿಸಿ, ಹಿಂಗಾಲು ಊರಿ ಮುನ್ನುಗ್ಗಬೇಕು. ಟೈರಿನ ಬಂಡಿ ನೊಗ ಅಲುಗಿದೊಡನೆ ಹೊರಡುತ್ತದೆ. ಅದಲ್ಲದೆ ಚಕ್ಕಡಿಯ ಅಚ್ಚಿಗೆ ದಾರಿಯುದ್ದಕ್ಕೂ ಕೀಲೆಣ್ಣೆ ಬೇಕು. ಎಣ್ಣೆ ಆರಿದ ಗಾಲಿ ಕಿರುಗುಟ್ಟತೊಡಗಿದರೆ ಒಳಗಿನ ಮುದುಕಿಯರಿಗೂ ನಿದ್ದೆಯಿಲ್ಲ. ಡಾಂಬರಿನ ಮೇಲೆ ಕಬ್ಬಿಣದ ಪಟ್ಟಿಯ ಗಾಲಿಯಲ್ಲಿ ಕುಳಿತವರ ಸೊಂಟ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಓದಿದವರು ತೀರ್ಪು ಆಗಿಹೋಯಿತೆಂದು ತಿಳಿಯಬಾರದು. ಎರಡು ಗಾಲಿಯ ಬಂಡಿಯೆಂದರೆ ತಕ್ಕಡಿ. ಹೇರು ಸ್ವಲ್ಪ ಮುಂದಿದ್ದರೆ ಭಾರ ನೊಗದ ಮೂಲಕ ಹೆಗಲ ಮೇಲೆ ಕೂಡುತ್ತದೆ, ಅತಿಯಾದರೆ ಹೆಗಲು ಬಾಯುತ್ತದೆ. ಹಿಂದಕ್ಕೆ ಸರಿದರೆ ಬಂಡಿಯಿಂದ ನೊಗದವರೆಗೆ ಚಾಚಿದ ಮರ, ಅಂದರೆ ಮೂಕಿ, ಮೇಲೆದ್ದು, ಕೊರಳ ಕೆಳಗೆ ಕಟ್ಟಿದ ಜತ್ತಿಗೆಯ ಪಟ್ಟಿ ಎತ್ತಿನ ಗಂಟಲನ್ನು ಒತ್ತುತ್ತದೆ. ಆದ್ದರಿಂದಲೇ ಬಲ್ಲ ಚಾಲಕ ಏರಿನಲ್ಲಿ ಮೂಕಿಯ ಮೇಲೆ ಮುಂದಕ್ಕೆ ಜರುಗಿ ಕೂಡುತ್ತಾನೆ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುತ್ತಾನೆ, ಇಲ್ಲವೇ ಕೆಳಗಿಳಿದು ಎತ್ತಿನ ಪಕ್ಕದಲ್ಲಿ ನಡೆಯುತ್ತಾನೆ. ಚಕ್ಕಡಿ ಇಳಿಜಾರಿನಲ್ಲಿಯೂ ತನ್ನ ಅಚ್ಚಿನ ತಿಕ್ಕಾಟದಿಂದ ತಾನೇ ಅಷ್ಟಿಷ್ಟು ತಡೆದುಕೊಳ್ಳುತ್ತದೆ. ಬೇರಿಂಗಿನ ಬಂಡಿಗೆ ಆ ತಡೆಯಿಲ್ಲ. ಹೊರಡುವಾಗ ಉಪಕಾರ ಮಾಡಿದ ಅದೇ ಗುಣ ಇಳಿಜಾರಿನಲ್ಲಿ ಹೇರನ್ನೆಲ್ಲ ಎತ್ತುಗಳ ಮೇಲೆ ನೂಕುತ್ತದೆ: ನೊಗ ಹೆಗಲಿನಿಂದ ಜಾರಿ ಕೊಂಬಿನ ಬುಡಕ್ಕೆ ಬಂದು ತಾಗುತ್ತದೆ, ಎತ್ತುಗಳು ಮುಂಗಾಲು ಬಿಗಿಹಿಡಿದು ಜಾರುತ್ತ ಇಳಿಯುತ್ತವೆ. ಜಾತ್ರೆ ಮುಗಿಸಿ ಗುಡ್ಡ ಇಳಿಯುವಾಗ ಇದನ್ನು ಕಣ್ಣಾರೆ ಕಂಡ ಮೇಲೆಯೇ ನಮ್ಮ ಬಂಡಿಗೆ ಕಮ್ಮಾರರಿಂದ ಸನ್ನೆಯ ಬ್ರೇಕ್ ಹಾಕಿಸಿದೆವು. ಬ್ರೇಕ್ ಇಲ್ಲದ ಟೈರಿನ ಬಂಡಿಯನ್ನು ಗುಡ್ಡದ ಊರಿಗೆ ಒಯ್ಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕೆಡುವ ರೀತಿಯೂ ಬೇರೆ ಬೇರೆ. ಮಾಘದ ಒಣ ಗಾಳಿಗೆ ಕಟ್ಟಿಗೆ ಸೊರಗಿ ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ; ಆದರೆ ಗಾಲಿ ಅದನ್ನು ಮುಂಚಿತವಾಗಿಯೇ ಸದ್ದಿನಿಂದ ತಿಳಿಸುತ್ತದೆ, ಮತ್ತು ಹಳ್ಳವೋ ಹೊಳೆಯೋ ಸಿಕ್ಕಲ್ಲಿ ರಾತ್ರಿಯಿಡೀ ನೀರಿನಲ್ಲಿ ನಿಲ್ಲಿಸಿದರೆ ಕಟ್ಟಿಗೆ ಉಬ್ಬಿ ಪಟ್ಟಿ ಮತ್ತೆ ಬಿಗಿಯಾಗುತ್ತದೆ. ಟೈರು ಹೇಳದೆ ಕೇಳದೆ ಕೈಕೊಡುತ್ತದೆ. ಬಿಡಾರಕ್ಕೆಂದು ರಸ್ತೆ ಬಿಟ್ಟು ಹೊಲದ ಬದುವಿಗೆ ಇಳಿದರೆ ಅಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಕಾದಿರುತ್ತದೆ. ಪಂಕ್ಚರಾದ ಗಾಲಿಯನ್ನು ಬಿಚ್ಚಿ, ಮೋಟಾರ್ ಸೈಕಲ್ಲಿನವರ ಕೈಕಾಲು ಹಿಡಿದು ಮುಂದಿನ ಊರಿಗೆ ಕಳಿಸಿ, ಅದು ತಿರುಗಿ ಬರುವವರೆಗೆ ಮರದ ನೆರಳು ಹುಡುಕುವುದು ಟೈರಿನ ಬಂಡಿಯವರಿಗೆ ಹೊಸದಲ್ಲ. ಕಲ್ಲು, ಕೊರಕಲುಗಳ ಬಂಡಿದಾರಿಯಲ್ಲಂತೂ ಚಕ್ಕಡಿಯ ಎತ್ತರದ ಗಾಲಿ ಸಲೀಸಾಗಿ ದಾಟಿಹೋಗುವ ತಗ್ಗಿನಲ್ಲಿ ಟೈರಿನ ಗಿಡ್ಡ ಗಾಲಿ ಕುಳಿತುಬಿಡುತ್ತದೆ.

ಟೈರಿನ ಬಂಡಿಯ ಮೇಲಿನ ನನ್ನ ದೊಡ್ಡ ದೂರು ಮಾತ್ರ ಗಾಲಿಯದ್ದಲ್ಲ, ಮನುಷ್ಯರ ಆಸೆಯದ್ದು. ಚಕ್ಕಡಿಯಲ್ಲಿ ಜಾಗವೇ ಕಡಿಮೆ, ಹೇರು ಹೆಚ್ಚಾದರೆ ಎತ್ತು ಹೆಜ್ಜೆಯನ್ನೇ ಕೀಳುವುದಿಲ್ಲ. ಟೈರಿನ ಬಂಡಿ ಅಗಲವಾಗಿದೆ, ಸುಲಭವಾಗಿ ಹೊರಡುತ್ತದೆ. ಹೊರಟ ಮೇಲೆ ನೆರೆಮನೆಯವರೂ ಹತ್ತುತ್ತಾರೆ, ಅವರ ಹಾಸಿಗೆಗಳೂ ಹತ್ತುತ್ತವೆ. ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ಕೇಂದ್ರ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ಉಷ್ಣಾಂಶ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಹೇರಿನ ಮಿತಿಯನ್ನೂ ಎತ್ತಿನ ಗಾತ್ರ ಮತ್ತು ಗಾಲಿಯ ಬಗೆಯನ್ನು ನೋಡಿ ಗೊತ್ತುಮಾಡಿವೆ. ಹಿರಿಯರು ಬೆಳಗಿನ ಜಾವ ಹೂಡಿ, ಬಿಸಿಲೇರುವ ಮೊದಲೇ ಕೊಳ್ಳು ಹರಿಯುತ್ತಿದ್ದುದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಗಾಲಿಯಷ್ಟೇ ಮುಖ್ಯವಾದದ್ದು ಜೋಡಿ. ಕಿಲಾರಿ ಎತ್ತು ಚುರುಕು, ಮೈ ಹಗುರ, ನಡೆ ಚೆಂದ. ಆದರೆ ಹಿಂದಿನಿಂದ ಲಾರಿಯ ಹಾರ್ನ್ ಕೇಳಿದರೆ ಬೆದರುತ್ತದೆ, ಮತ್ತು ಟೈರಿನ ಬಂಡಿಗೆ ಹೂಡಿದಾಗ ಭಾರ ಗೊತ್ತಾಗದೆ ಓಡಲು ನೋಡುತ್ತದೆ. ಎರೆ (ಕಪ್ಪು ಮಣ್ಣಿನ) ಹೊಲಕ್ಕೆಂದೇ ಹೆಸರಾದ ಕೃಷ್ಣಾ ಕೊಳ್ಳದ ತಳಿ ದಪ್ಪ, ನಿಧಾನ, ಗಂಭೀರ; ನಾನು ಬಂಡಿ ಹೂಡಿಸಿದ ಜೋಡಿ ರಸ್ತೆಯ ಗದ್ದಲಕ್ಕೆ ಕಿವಿಗೊಡಲೇ ಇಲ್ಲ. ಈಗ ಈ ತಳಿಯ ಅಪ್ಪಟ ಎತ್ತುಗಳು ವಿರಳ. ಜೋಡಿ ಯಾವುದಾದರೂ ಡಾಂಬರಿನ ಮೇಲೆ ದೂರ ಹೊರಡುವ ಮುನ್ನ ಲಾಳ ಕಟ್ಟಿಸಲೇಬೇಕು. ಎತ್ತಿನ ಗೊರಸು ಸೀಳಿರುವುದರಿಂದ ಕುದುರೆಯಂತೆ ಪಾದಕ್ಕೊಂದು ಲಾಳ ಸಾಲದು, ಎರಡೆರಡು ಬೇಕು, ಮತ್ತು ಹಾದಿಯಲ್ಲಿ ಉದುರುವುದು ಸಾಮಾನ್ಯವಾಗಿ ಹೊರಬದಿಯದ್ದು.

ಹಾಗಾದರೆ ಯಾವುದು? ಊರಿನಿಂದ ಗುಡ್ಡದವರೆಗೆ ಬಹುಪಾಲು ಡಾಂಬರೇ ಇರುವ ಇಂದಿನ ಹಾದಿಗೆ ನಾನು ಆರಿಸುವುದು ಟೈರಿನ ಬಂಡಿಯನ್ನು, ಅದೂ ಅರ್ಧ ಹೇರಿನೊಡನೆ, ಬ್ರೇಕ್ ಸಹಿತ, ನಿಧಾನದ ಜೋಡಿ ಹೂಡಿ. ಹೊಲದ ಒಳದಾರಿಗಳಲ್ಲೇ ಹೋಗಬಲ್ಲವರು, ಮನೆಯಲ್ಲಿ ಗಾಲಿಯ ಕೆಲಸ ಬಲ್ಲ ಹಿರಿಯರಿರುವವರು ಚಕ್ಕಡಿಯನ್ನು ಬಿಡಬೇಕಾಗಿಲ್ಲ. ಟೈರಿನವರು ಹೆಚ್ಚಿನದೊಂದು ಗಾಲಿ, ಜಾಕಿನ ಬದಲಿಗೆ ಗಟ್ಟಿಯಾದ ಒಂದು ದಿಮ್ಮಿ, ರಾತ್ರಿ ನಡೆಯುವುದಾದರೆ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಇಟ್ಟುಕೊಳ್ಳಲಿ. ಚಕ್ಕಡಿಯವರು ಕೀಲೆಣ್ಣೆಯ ಡಬ್ಬಿಯನ್ನೂ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಗಳನ್ನು ಹೆಚ್ಚಿಗೆ ಎರಡನ್ನೂ ಮೂಕಿಗೆ ಕಟ್ಟಿಕೊಳ್ಳಲಿ.